ಬಿಕ್ಕಳಿಕೆ ನುಂಗದ ಸಾಫ್ಟ್‌ವೇರ್

ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಅಕ್ಷರಶಃ ನಿಜ. ಒಂದು ಒತ್ತಕ್ಷರದಷ್ಟು ಸುಳ್ಳು ಸೇರಿದ್ದರೂ ಬರೆದ ಕೈಗೆ ವಾರವಿಡೀ ಬಿಕ್ಕಳಿಕೆ ಹತ್ತಲಿ.

ಬೆಳಗಿನ ಐದೂವರೆ. ಮಕ್ಕಳ ವಾರಪತ್ರಿಕೆಯ ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಒಣ ಬ್ರೆಡ್ಡನ್ನು ಗಬಗಬನೆ ತಿನ್ನುತ್ತಿದ್ದಾರೆ. ನೀರಿನ ಬಾಟಲಿಯನ್ನು ಬೇಕೆಂದೇ ಆ ಮೂಲೆಯ ಕಿಟಕಿಯ ಮೇಲಿಟ್ಟಿದ್ದಾರೆ. ನಾಲ್ಕನೇ ತುಂಡಿಗೆ ಗಂಟಲು ‘ಹಿಕ್’ ಎನ್ನುತ್ತದೆ. ಬಹಳ ದಿನದ ಮೇಲೆ ನೆಂಟರು ಬಂದಂತೆ ಅವರ ಮುಖ ಅರಳುತ್ತದೆ.

“ಬಂತು ನೋಡಿ! ಈಗ ಯಾರೂ ಮಾತಾಡಿಸ್ಬೇಡಿ, ಹೆದರಿಸ್ಬೇಡಿ. ನಿಂತ್ಬಿಟ್ರೆ ಕೆಲಸ ಕೆಟ್ಟಹಾಗೆ,” ಎನ್ನುತ್ತ ಪೆನ್ನು ಹಿಡಿಯುತ್ತಾರೆ.

ಕಚೇರಿಯಲ್ಲಿ ಇವರಿಗೆ ಗುಳ್ಳೆ ಅಕ್ಕ ಎಂದೇ ಹೆಸರು. ಚಿತ್ರಕಥೆಯಲ್ಲಿ ಆಡುವವರ ತಲೆಯ ಮೇಲೆ ಮಾತು ತುಂಬಿದ ಗುಳ್ಳೆಯೊಂದು ತೇಲುತ್ತಿರುತ್ತದಲ್ಲ, ಆ ಗುಳ್ಳೆಯನ್ನೂ ಅದರೊಳಗಿನ ಅಕ್ಷರಗಳನ್ನೂ ಬರೆಯುವುದು ಇವರ ಕೆಲಸ. ವಾರಕ್ಕೆ ಅರವತ್ತನಾಲ್ಕು ಗುಳ್ಳೆ. ಒಂದು ವಾರವೂ ತಪ್ಪಿಸದೆ ಇಪ್ಪತ್ತೇಳು ವರ್ಷ. ಅಂದರೆ ತೊಂಬತ್ತು ಸಾವಿರಕ್ಕೆ ನೂರ ನಲವತ್ತನಾಲ್ಕು ಕಡಿಮೆ. ಅಷ್ಟನ್ನೂ ಊದಿ ಕಟ್ಟಿದ್ದರೆ ಈ ಕಟ್ಟಡ ಎಂದೋ ಮೋಡದಲ್ಲಿರುತ್ತಿತ್ತು. ಕಟ್ಟಡ ಇನ್ನೂ ಇಲ್ಲೇ ಇರುವುದಕ್ಕೆ ಕೆಳಮಹಡಿಯಲ್ಲಿ ಪೇರಿಸಿಟ್ಟ ಹಳೆಯ ಸಂಚಿಕೆಗಳ ಭಾರವೇ ಕಾರಣ.

ಬಿಕ್ಕಳಿಕೆಯ ಕಥೆ ಶುರುವಾದದ್ದು ಕೆಲಸಕ್ಕೆ ಸೇರಿದ ಮೂರನೇ ವಾರ. ಪತ್ರಿಕೆಯ ಮುಖ್ಯ ಪಾತ್ರ ಒಬ್ಬ ಪುಕ್ಕಲ ಕಳ್ಳ. ಕತ್ತಲೆಂದರೆ ಅವನಿಗೆ ಆಗದು, ಹಗಲಲ್ಲೇ ಕದ್ದು ಸಿಕ್ಕಿಬೀಳುವವನು. ಆ ವಾರ ಅವನು “ನಾನ್ಯಾಕೆ ಹೆದರಲಿ?” ಎನ್ನಬೇಕಿತ್ತು. ಅವಸರದಲ್ಲಿ ಬ್ರೆಡ್ಡು ನುಂಗಿ ಗುಳ್ಳೆ ಬರೆಯಲು ಕೂತ ಹುಡುಗಿಗೆ ಬಿಕ್ಕಳಿಕೆ ಹತ್ತಿ, ಗುಳ್ಳೆಯ ಅಂಚು ಹನ್ನೊಂದು ಕಡೆ ನಡುಗಿತು. ತಿದ್ದಲು ಸಮಯವಿರಲಿಲ್ಲ. ಅದೇ ಅಚ್ಚಾಯಿತು.

“ಕೆಲಸ ಹೋಯ್ತು ಅಂದ್ಕೊಂಡು ಚೀಲ ಕಟ್ಕೊಂಡಿದ್ದೆ,” ಎಂದು ಗುಳ್ಳೆ ಅಕ್ಕ ನಗುತ್ತಾರೆ. “ನೋಡಿದ್ರೆ ಮಕ್ಕಳಿಂದ ಚೀಲಗಟ್ಟಲೆ ಕಾಗದ! ಕಳ್ಳ ಹೆದರಲ್ಲ ಅಂತಾನೆ, ಗುಳ್ಳೆ ಮಾತ್ರ ಗಡಗಡ ನಡುಗುತ್ತೆ ಅಂತ. ಬಾಯಿ ಸುಳ್ಳು ಹೇಳಬಹುದು, ಗುಳ್ಳೆ ಹೇಳಲ್ಲ. ಅವತ್ತಿಂದ ಇದೇ ನಮ್ಮ ಪತ್ರಿಕೆ ಮರ್ಯಾದೆ ಆಗೋಯ್ತು.”

ಒಂದೆರಡು ವಾರ ಕೈಯನ್ನು ಸುಮ್ಮನೆ ಅಲುಗಾಡಿಸಿ ನಡುಕ ಬರಿಸಿದ್ದೂ ಉಂಟು. ಮಕ್ಕಳು ಮೋಸ ಹೋಗಲಿಲ್ಲ. ‘ಕಳ್ಳ ನಾಟಕ ಆಡ್ತಿದ್ದಾನೆ’ ಎಂದು ಬರೆದರು. ಹಾಗಾಗಿ ಅಸಲಿ ಬಿಕ್ಕಳಿಕೆಯೇ ಬೇಕು, ಅದೂ ಬೆಳಗಿನ ಏಳರೊಳಗೆ. ಏಳಾದ ಮೇಲೆ ಕೆಳಗಿನ ರಸ್ತೆಯಲ್ಲಿ ಲಾರಿಗಳು ಓಡುತ್ತವೆ, ಮೇಜು ಅದುರುತ್ತದೆ. “ಲಾರಿ ನಡುಕ ಬೇರೆ, ಭಯದ ನಡುಕ ಬೇರೆ,” ಎನ್ನುವುದು ಗುಳ್ಳೆ ಅಕ್ಕನ ಖಚಿತ ಅಭಿಪ್ರಾಯ.

ಹೋದ ತಿಂಗಳು ಈ ಸಂಸಾರಕ್ಕೆ ಸಿಡಿಲು ಬಡಿಯಿತು. ಕಾಗದದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ಹಳೆಯ ಸ್ಕ್ಯಾನರ್ ಕಣ್ಣು ಮುಚ್ಚಿತು. ಅದರ ಬಿಡಿಭಾಗ ಭೂಮಿಯ ಮೇಲೆಲ್ಲೂ ಸಿಗುವುದಿಲ್ಲವೆಂದು ರಿಪೇರಿಯವನು ಕೈ ಮುಗಿದ. ಸೋಮವಾರ ಸಂಪಾದಕರು ಬಂದು, ಇನ್ನು ಮೇಲೆ ಚಿತ್ರ, ಗುಳ್ಳೆ, ಅಕ್ಷರ ಎಲ್ಲ ಸ್ಕ್ರೀನಿನ ಮೇಲೇ ಎಂದರು.

“ಯಾವ ಸಾಫ್ಟ್‌ವೇರ್ ಬೇಕೋ ನೀವೇ ಆರಿಸಿ ಅಕ್ಕಾ. ಆದ್ರೆ ಶುಕ್ರವಾರ ಮಧ್ಯಾಹ್ನದೊಳಗೆ. ಆಗ್ಲಿಲ್ಲ ಅಂದ್ರೆ ಕಂಪ್ಯೂಟರಲ್ಲಿ ರೆಡಿ ಗುಳ್ಳೆ ಇರ್ತಾವಂತೆ, ಅವನ್ನೇ ಹಾಕ್ತೀವಿ. ನೀವು ವಿಳಾಸದ ಚೀಟಿ ಅಂಟಿಸೋ ವಿಭಾಗಕ್ಕೆ ಬನ್ನಿ. ಅಲ್ಲಿ ಫ್ಯಾನೂ ಇದೆ.”

ಗುಳ್ಳೆ ಅಕ್ಕನಿಗೆ ಫ್ಯಾನಿನ ಮೇಲೆ ಆಸೆ ಹುಟ್ಟಲಿಲ್ಲ. ನೆಲದ ಟೈಲ್ಸಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವ ನಾದಿನಿಗೆ ಫೋನು ಮಾಡಿದರು. ನಾದಿನಿ ಮರುದಿನವೇ ರಜೆ ಹಾಕಿ, ಪೆನ್ನಿನಿಂದ ಬರೆಯುವ ಸ್ಕ್ರೀನೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಅದರೊಳಗೆ ನಾಲ್ಕು ಸಾಫ್ಟ್‌ವೇರ್ ತುಂಬಿದ್ದಳು.

ಮೊದಲನೆಯದು ಬಲು ದೊಡ್ಡ ಮನುಷ್ಯ. ಬ್ರಷ್ಷೇ ಐನೂರು ಬಗೆ. ಆದರೆ ಕೈ ಗುಳ್ಳೆ ಸುತ್ತಿ ಮುಗಿಸಿದ ಮೇಲೆ ಗೆರೆ ನಿಧಾನಕ್ಕೆ ಹಿಂದಿನಿಂದ ಬರುತ್ತಿತ್ತು. “ನಿಮ್ಮಣ್ಣ ಸಂತೆಗೆ ಬಂದ ಹಾಗೆ ಬರುತ್ತಲ್ಲೇ ಇದು! ನಾನು ತರಕಾರಿ ತಗೊಂಡು ವಾಪಸ್ ಹೊರಟಾಗ ಅವರು ಎದುರು ಸಿಗ್ತಾರೆ,” ಎಂದರು ಗುಳ್ಳೆ ಅಕ್ಕ. ನಾದಿನಿ ಅಣ್ಣನ ಪರ ವಾದಿಸಲು ಹೋಗದೆ ಎರಡನೆಯದನ್ನು ತೆರೆದಳು.

ಎರಡನೆಯದರ ಗೆರೆ ಚುರುಕು. ಅಕ್ಷರದಲ್ಲಿ ಕೈಕೊಟ್ಟಿತು. ಕಳ್ಳನ ಗುರು ಶಿಷ್ಯನಿಗೆ “ಲೇ ಕತ್ತೆ, ಓಡೋ!” ಎಂದು ಬೈಯುವ ಪುಟವನ್ನು ಅದರಲ್ಲಿ ಟೈಪು ಮಾಡಿದರೆ, ಅಕ್ಷರದ ಚೌಕ ಸಾಲಿನ ಕೆಳಭಾಗವನ್ನು ಕತ್ತರಿಸಿ ಒತ್ತಕ್ಷರವನ್ನು ತಿಂದುಹಾಕಿತು. ಆ ಪುಟವನ್ನು ಹಾಗೇ ಅಚ್ಚು ತೆಗೆದು ಗೋಡೆಗೆ ಅಂಟಿಸಿ ಮುಂದಿನದಕ್ಕೆ ಹೋದರು. “ನಮ್ಮ ಅಕ್ಷರಕ್ಕೆ ಕಾಲಿದೆ ಅಂತಾನೇ ಇದಕ್ಕೆ ಗೊತ್ತಿಲ್ಲ. ಕಾಲು ಕಡಿದು ಕೂರಿಸುತ್ತೆ!”

ಮೂರನೆಯದು ಎಲ್ಲರಿಗೂ ಹಿಡಿಸಿತು. ಗೆರೆ ಬೆಣ್ಣೆಯಂತೆ, ಒತ್ತಕ್ಷರವೂ ಇದ್ದಲ್ಲೇ ಇತ್ತು. ಗುರುವಾರ ಬೆಳಿಗ್ಗೆ ಬ್ರೆಡ್ಡು ತಿಂದು, ಹನ್ನೊಂದು ಬಾರಿ ಬಿಕ್ಕಿ, ಗುಳ್ಳೆ ಅಕ್ಕ ಪುಕ್ಕಲ ಕಳ್ಳನ ಗುಳ್ಳೆ ಸುತ್ತಿದರು. ಸ್ಕ್ರೀನಿನ ಮೇಲೆ ಮೂಡಿದ್ದು ಮೊಟ್ಟೆ! ಒಂದು ಕಡೆಯೂ ನಡುಕವಿಲ್ಲ. ಕಳ್ಳ ವೇದಿಕೆ ಮೇಲೆ ಭಾಷಣ ಬಿಗಿಯುವವನಂತೆ ಕಂಡ.

“ಅದು ಕೈನಡುಕ ತೆಗೆಯೋ ವಿದ್ಯೆ ಅತ್ತಿಗೆ. ಡೊಂಕು ಗೆರೇನ ತಾನೇ ನೆಟ್ಟಗೆ ಮಾಡುತ್ತೆ. ಪೂರ್ತಿ ಆಫ್ ಮಾಡೋಕೂ ಆಗಲ್ಲ,” ಎಂದಳು ನಾದಿನಿ.

“ನಡುಕ ತೆಗೆದ್ರೆ ಆ ಬಡಪಾಯಿ ಹತ್ರ ಇನ್ನೇನೇ ಉಳಿಯುತ್ತೆ?”

“ಐನೂರು ಬ್ರಷ್ ಬೇಡ, ಚುರುಕು ಗೆರೆ ಬೇಡ, ಬೆಣ್ಣೆಯಂಥದ್ದೂ ಬೇಡ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ನನಗೆ ಬೇಕಿರೋದೇ ಡೊಂಕು ನೆಲ ಕಣೇ! ಸಿಗ್ತಿರೋದೆಲ್ಲ ಸಪಾಟು.”

ಉಳಿದದ್ದು ನಾಲ್ಕನೆಯದು. ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಸೇರಿ ಮಾಡಿ ಜಗತ್ತಿಗೆ ಪುಕ್ಕಟೆ ಹಂಚಿದ್ದು. ಮುಖ ನೋಡಿದರೆ ಗುಜರಿ ಅಂಗಡಿಯ ಹಾಗೆ, ಎಲ್ಲೆಲ್ಲೂ ಗುಂಡಿಗಳು. ನಾದಿನಿ ಆ ಗುಂಡಿಗಳ ಕಾಡಿನಲ್ಲಿ ಅಲೆದು, ನಡುಕ ತೆಗೆಯುವ ಪಟ್ಟಿಯೊಂದನ್ನು ಪತ್ತೆ ಹಚ್ಚಿ, ಅದನ್ನು ಎಳೆದು ಸೊನ್ನೆಗೆ ತಂದಿಟ್ಟಳು. ಇನ್ನು ಪರೀಕ್ಷೆಯೊಂದೇ ಬಾಕಿ. ಪರೀಕ್ಷೆಗೆ ಬೇಕಾದ್ದು ಬಿಕ್ಕಳಿಕೆ.

ಶುಕ್ರವಾರ ಬಿಕ್ಕಳಿಕೆ ಬರಲೇ ಇಲ್ಲ. ಐದೂವರೆಯಿಂದ ಏಳರವರೆಗೆ ಒಂದಿಡೀ ಬ್ರೆಡ್ಡು ಮುಗಿಯಿತು. ಗಂಟಲು ಕಮಕ್ ಕಿಮಕ್ ಎನ್ನಲಿಲ್ಲ. ಲಾರಿಗಳು ಶುರುವಾದವು. ನಾದಿನಿ ಸ್ಕ್ರೀನನ್ನು ಮೇಜಿನಿಂದೆತ್ತಿ ಅತ್ತಿಗೆಯ ತೊಡೆಯ ಮೇಲೆ ದಿಂಬಿಟ್ಟು ಕೂರಿಸಿದಳು. ಹತ್ತು ಗಂಟೆಗೆ ಎರಡನೇ ಬ್ರೆಡ್ಡು ಬಂತು. ಹನ್ನೊಂದೂವರೆಗೆ ಸಂಪಾದಕರು ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡಿದರು. ಅವರ ಹಿಂದೆ ವಿಳಾಸ ವಿಭಾಗದವರು, ಬರುವವರಿಗೆಂದು ಒಂದು ಗೋಂದಿನ ಡಬ್ಬಿಯನ್ನು ಅಕ್ಕರೆಯಿಂದ ತಂದಿಟ್ಟು ಹೋದರು.

ಅಷ್ಟರಲ್ಲಿ ಚಿತ್ರ ಬರೆಯುವ ಮೇಷ್ಟ್ರು ಒಳಗೆ ಬಂದರು. ಯಾರ ಚಿತ್ರವಾದರೂ ಮೂಗಿನಿಂದಲೇ ಆರಂಭಿಸುವುದರಿಂದ ಇವರು ಮೂಗಿನ ಮೇಷ್ಟ್ರು. ಕನ್ನಡಕ ಮರೆತು ಬಂದಿದ್ದ ಅವರು ಗೋಡೆಯ ಮೇಲಿದ್ದ ಪುಟಕ್ಕೆ ಮೂಗು ತಾಗಿಸಿ, ಕಾಲು ಕಡಿದ ಅಕ್ಷರವನ್ನು ಇದ್ದಂತೆಯೇ ಗಟ್ಟಿಯಾಗಿ ಓದಿದರು:

“ಲೇ ಕತೆ, ಓಡೋ!” ಆಮೇಲೆ ಗಂಭೀರವಾಗಿ ಸಂಪಾದಕರ ಕಡೆ ತಿರುಗಿ, “ಚೆನ್ನಾಗಿದೆ ಸಾರ್. ಕತೆ ಓಡ್ತಿಲ್ಲ ಅಂತ ನೀವು ಪ್ರತಿ ವಾರ ನನ್ನ ಬೈತಿದ್ರಲ್ಲ, ಇವರು ನೇರವಾಗಿ ಅದಕ್ಕೇ ಹೇಳಿಬಿಟ್ಟಿದ್ದಾರೆ,” ಎಂದರು.

“ಮೇಷ್ಟ್ರೇ, ಅದು ಕತೆ ಅಲ್ಲ, ಕತ್ತೆ!” ಎಂದರು ಸಂಪಾದಕರು.

“ಯಾರಿಗೆ ಸಾರ್ ಅಂತಿದ್ದೀರ?”

ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡಿದ್ದ ಗುಳ್ಳೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗು ಒಳಗಿಂದ ಮೇಲೆ ಬಂತು, ಬ್ರೆಡ್ಡು ಮೇಲಿಂದ ಕೆಳಗೆ ಹೋಯಿತು, ಎರಡೂ ಗಂಟಲಲ್ಲಿ ಭೇಟಿಯಾದವು. ಹಿಕ್! ನೀರು ಕೊಡಲು ಧಾವಿಸಿದ ಸಂಪಾದಕರ ಕೈಯನ್ನು ನಾದಿನಿ ಗಾಳಿಯಲ್ಲೇ ಹಿಡಿದಳು. ಗುಳ್ಳೆ ಅಕ್ಕ ಪೆನ್ನು ಸ್ಕ್ರೀನಿಗೆ ಊರಿ ಸುತ್ತತೊಡಗಿದರು. ಹಿಕ್, ಹಿಕ್. ಕೆಳಗೆ ಲಾರಿಗಳೂ ನಿಂತವು ಎನ್ನುತ್ತಾರೆ, ನೋಡಿದವರಿದ್ದಾರೆ.

ಹನ್ನೊಂದು ಬಿಕ್ಕು, ಹನ್ನೊಂದು ನಡುಕ. ಒಂದನ್ನೂ ಸಾಫ್ಟ್‌ವೇರ್ ನುಂಗಿರಲಿಲ್ಲ. ಗುಳ್ಳೆಯೊಳಗೆ ‘ಕತ್ತೆ’ ಎಂದು ಟೈಪು ಮಾಡಿದರೆ ಒತ್ತಕ್ಷರ ಕಾಲು ಚಾಚಿ ಕೂತಿತು. ಮೂಗಿನ ಮೇಷ್ಟ್ರು ಭೂತಗನ್ನಡಿ ತರಿಸಿ ಒಂದೊಂದೇ ನಡುಕ ಎಣಿಸಿ, “ಅಸಲಿ ಮಾಲು,” ಎಂದು ಷರಾ ಬರೆದರು. ಗಡಿಯಾರದಲ್ಲಿ ಹನ್ನೆರಡಕ್ಕೆ ಎರಡು ನಿಮಿಷ ಬಾಕಿ. ಗೋಂದಿನ ಡಬ್ಬಿ ಬಂದ ದಾರಿಯಲ್ಲೇ ವಾಪಸ್ಸಾಯಿತು.

“ಐನೂರು ಬ್ರಷ್ ಇರೋದನ್ನ ಬಿಟ್ಟು ಇದನ್ಯಾಕೆ ಆರಿಸಿದ್ರಿ ಅಂತ ಎಲ್ಲ ಕೇಳ್ತಾರೆ,” ಎನ್ನುತ್ತಾರೆ ಗುಳ್ಳೆ ಅಕ್ಕ. “ನೋಡಿ, ಕೆಲಸ ಕೇಳೋದಕ್ಕಿಂತ ಜಾಸ್ತಿ ಬುದ್ಧಿ ಹೇಳಬಾರದು ಯಾವ ಸಾಮಾನೂ. ನಾನು ಬಿಕ್ಕಿದ್ರೆ ಅದೂ ಬಿಕ್ಕಬೇಕು. ಅಷ್ಟೇ ಸಾಕು.” ನಾದಿನಿ ಆ ಸ್ಕ್ರೀನನ್ನು ವಾಪಸ್ ಒಯ್ದಿಲ್ಲ. ಅತ್ತಿಗೆ ತನ್ನ ಮನೆಗೆ ಬಂದಾಗಲೆಲ್ಲ ಬ್ರೆಡ್ಡಿನ ಜೊತೆ ನೀರು ಇಡುವುದನ್ನು ಮಾತ್ರ ನಿಲ್ಲಿಸಿದ್ದಾಳೆ.

ಈಗ ಹೊರಗೆ ಬೆಳಕಾಗಿದೆ. ಇಂದಿನ ಮೊದಲ ನಡುಗುವ ಗುಳ್ಳೆ ಮುಗಿದು ಬಿಕ್ಕಳಿಕೆ ತಣ್ಣಗಾಗಿದೆ. ನಿಮಗೇನಾದರೂ ಆಸೆ ಇದೆಯೇ ಎಂದರೆ ಪೆನ್ನಿನ ಹಿಂಬದಿಯಿಂದ ತಲೆ ಕೆರೆದುಕೊಳ್ಳುತ್ತಾರೆ.

“ಆಸೆ ಏನಪ್ಪಾ... ಓದೋ ಮಗು ನನ್ನ ಗುಳ್ಳೆ ನೋಡಬಾರದು. ಕಳ್ಳನ ಮಾತು ಕಿವಿಗೆ ಕೇಳಬೇಕು. ಗುಳ್ಳೆ ಚೆನ್ನಾಗಿದೆ ಅಂತ ಯಾರಾದ್ರೂ ಹೇಳಿದ್ರೆ ಆ ವಾರ ನಾನು ಎಲ್ಲೋ ತಪ್ಪು ಮಾಡಿದೀನಿ ಅಂತ ಅರ್ಥ.”

ಅಷ್ಟರಲ್ಲಿ ಸಂಪಾದಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಟಿಯೊಂದನ್ನು ಹಿಡಿದು ಬರುತ್ತಾರೆ. ಪತ್ರಿಕೆಗಳಲ್ಲಿ ಬರುವ ಲೇಖನವೆಂದರೆ ಸಂಸ್ಥೆಯ ಪರವಾಗಿ ನಾಲ್ಕು ಮಾತು ಇರಲೇಬೇಕೆಂಬುದು ಅವರ ನಂಬಿಕೆ. ಗುಳ್ಳೆ ಅಕ್ಕ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ ಕೇಳುತ್ತಾರೆ.

“ಇಪ್ಪತ್ತೇಳು ವರ್ಷಗಳ ಕಾಲ ಎಲೆಮರೆಯ ಕಾಯಿಯಂತೆ ದುಡಿದ ತಮ್ಮ ಬಗ್ಗೆ, ಇದುವರೆಗೆ ಯಾರೂ ಹೇಳದ ಒಂದು ಮುಖ್ಯ ಮಾತನ್ನು ನಾನು ಇವತ್ತು—”

“ಹಿಕ್!” ಎನ್ನುತ್ತದೆ ಗಂಟಲು. “ತಡೀರಿ ಸಾರ್, ನೀವು ನಾಳೆನೂ ಸಿಗ್ತೀರ,” ಎಂದು ಗುಳ್ಳೆ ಅಕ್ಕ ಆಗಲೇ ಮೇಜಿನ ಕಡೆ ಹೊರಟಾಗಿದೆ. ಸಂಪಾದಕರು ಚೀಟಿ ಹಿಡಿದು, ಬಾಯಿ ತೆರೆದುಕೊಂಡೇ, ಅವರು ನಿಂತಿದ್ದ ಖಾಲಿ ಜಾಗಕ್ಕೆ ಹೇಳುತ್ತಾರೆ: “ಆ ಮಾತು ಏನಪ್ಪಾ ಅಂದ್ರೆ, ಈ ಪತ್ರಿಕೆ ಇಷ್ಟು ವರ್ಷ ನಿಂತಿರೋದೇ—”