ಕತ್ತಿನ ಮೇಲೆ ಉಳಿದ ಕೈ

2022ರಲ್ಲಿ ಪರ್ತ್‌ನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ನನ್ನದೊಂದು ಫ್ರೇಮ್ ಅಂಗಡಿ ಇತ್ತು. ಕಾರಿನ ಡಿಕ್ಕಿಯಲ್ಲಿ ಚೌಕಟ್ಟು ತುಂಬಿಕೊಂಡು ಮನೆಮನೆ ತಿರುಗಿ ಬೆಳೆಸಿದ ವ್ಯಾಪಾರ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದವನಲ್ಲ.

ಊರಂಚಿನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ ಇಂಜಿನಿಯರ್ ಸುಧೀರ್ ಒಂದು ಹಳೆಯ ತೈಲಚಿತ್ರ ತಂದ. ಅವನ ಹೆಂಡತಿ ಡಾಕ್ಟರ್ ಮೇಘಾ ಬ್ರಿಸ್ಬೇನ್‌ನಲ್ಲಿದ್ದಾಗ ತನ್ನ ಮೊದಲ ಸಂಬಳದಲ್ಲಿ ಕೊಂಡದ್ದು. 1900ರ ಆಸುಪಾಸಿನದು, ಸಹಿ ಇಲ್ಲ. ಅಪ್ಪಿಕೊಂಡ ಪ್ರೇಮಿಗಳು.

ಆ ಕಾಲದ ಅಪ್ಪುಗೆಯನ್ನು ನೋಡುವ ಕ್ರಮ ಹೇಳಿಬಿಡುತ್ತೇನೆ. ಅದಕ್ಕೂ ಹಿಂದಿನ ಚಿತ್ರಕಾರರು ಇಬ್ಬರನ್ನೂ ಬಿಡಿಬಿಡಿಯಾಗಿ ನಿಲ್ಲಿಸಿ ಕೈ ಹಿಡಿಸುತ್ತಿದ್ದರು. 1900ರ ಸುಮಾರಿನವರಲ್ಲಿ ಹಲವರು ಇಬ್ಬರನ್ನೂ ಒಂದೇ ಆಕಾರ ಮಾಡಿದರು. ಗಂಡಸಿನ ಮುಖ ಹೆಂಗಸಿನ ಕೂದಲಲ್ಲಿ ಅರ್ಧ ಮುಳುಗಿರುತ್ತದೆ, ಬಟ್ಟೆ ಯಾರದೆಂದು ತಿಳಿಯದು. ಹಾಗಾಗಿ ಮೊದಲು ಕೈಗಳನ್ನು ನೋಡಬೇಕು. ಇಲ್ಲಿ ಅವನ ಕೈ ಅವಳ ಕತ್ತಿನ ಮೇಲಿತ್ತು.

"ಅಂಕಲ್, ಗೃಹಪ್ರವೇಶಕ್ಕೆ ಅಮ್ಮ ಮೈಸೂರಿಂದ ಬರ್ತಿದಾರೆ. ಪೂಜೆ ಹಾಲ್‌ನಲ್ಲೇ. ಈ ಗಂಡಸನ್ನ ಹಿಂದಕ್ಕೆ ಮಡಿಚ್ಬಿಡಿ, ಹುಡುಗಿ ಒಬ್ಬಳೇ ಕಾಣ್ಲಿ."

"ಮೇಘಾಗೆ ಗೊತ್ತಾ?"

"ನಾನು ಹೇಳ್ಕೋತೀನಿ ಬಿಡಿ."

ಹಳೆಯ ತೈಲಬಣ್ಣ ಹಪ್ಪಳದ ಹಾಗೆ, ಮಡಿಚಿದರೆ ಮುರಿಯುತ್ತದೆ. ಗೊತ್ತಿದ್ದೂ ಹೇರ್ ಡ್ರೈಯರ್‌ನಲ್ಲಿ ಕ್ಯಾನ್ವಾಸ್ ಬೆಚ್ಚಗೆ ಮಾಡಿ, ಚಿಕ್ಕ ಚೌಕಟ್ಟಿಗೆ ಸುತ್ತಿ, ಗಂಡಸಿದ್ದ ಭಾಗವನ್ನು ಚೌಕಟ್ಟಿನ ಬೆನ್ನಿಗೆ ಮಡಿಚಿ ಸ್ಟೇಪಲ್ ಹೊಡೆದೆ. ಕೈ ಮಾತ್ರ ಮುಂದೆಯೇ ಉಳಿಯಿತು. ಯಾರು ನೋಡುತ್ತಾರೆ ಎಂದುಕೊಂಡೆ.

ಗೃಹಪ್ರವೇಶದ ಬೆಳಿಗ್ಗೆ ನಾನೇ ಹೋಗಿ ಹಾಲ್‌ನ ಗೋಡೆಗೆ ತೂಗುಹಾಕಿದೆ. ಸುಧೀರನ ತಾಯಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದವರು ಚಿತ್ರದ ಮುಂದೆ ನಿಂತುಬಿಟ್ಟರು.

"ಸುಧಿ, ಇದ್ಯಾರ ಕೈಯೋ? ಹುಡುಗಿ ಕತ್ತು ಹಿಸುಕ್ತಿದಾರಲ್ಲೋ. ಶುಭದ ದಿನ ಇದನ್ಯಾಕೆ ಹಾಕ್ದೆ?"

ಅವನು ತಡವರಿಸುತ್ತ ನಿಜ ಹೇಳಿದ.

"ನನಗೆ ನಾಚ್ಕೆ ಆಗತ್ತೆ ಅಂತಾನಾ? ನಿಮ್ಮಪ್ಪನ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿದೀನಿ ಕಣೋ. ಬಿಚ್ಚಿಸು ಮೊದ್ಲು."

ಅಷ್ಟರಲ್ಲಿ ಸೀರೆ ಉಟ್ಟು ಕೋಣೆಯಿಂದ ಹೊರಬಂದ ಮೇಘಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಾನೇ ಚಿತ್ರ ಇಳಿಸಿ ಗರಾಜಿಗೆ ತಂದು, "ಬಿಚ್ಚಿ ಅಂಕಲ್" ಎಂದಳು. ಒಂದೊಂದೇ ಸ್ಟೇಪಲ್ ಕಿತ್ತೆ. ಮಡಿಕೆ ಬಿಡಿಸುತ್ತಿದ್ದಂತೆ ಬಣ್ಣ ಚಕ್ಕೆಚಕ್ಕೆಯಾಗಿ ನನ್ನ ಅಂಗೈಗೆ ಉದುರಿತು. ಮಡಿಕೆ ಬಿದ್ದದ್ದು ಗಂಡಸಿನ ಮುಖದ ಮೇಲೆಯೇ, ಅಲ್ಲೀಗ ಬರೀ ಬಿಳಿ.

"ಬಣ್ಣ ತುಂಬಿಸಿ ಕೊಡ್ತೀನಮ್ಮ."

"ಬೇಡ. ನನ್ನ ಪೇಂಟಿಂಗ್ ಬಗ್ಗೆ ನೀವಿಬ್ರೇ ಡೀಲ್ ಮಾಡ್ಕೊಂಡ್ರಿ. ಅಷ್ಟು ಸಾಕು."

ಅವಳು ಅದನ್ನು ಅಡಿಲೇಡ್‌ನಲ್ಲಿ ಹಳೆಯ ಚಿತ್ರ ದುರಸ್ತಿ ಮಾಡುವವರೊಬ್ಬರಿಗೆ ಕಳಿಸಿದಳಂತೆ. ಇಲ್ಲದ ಮುಖವನ್ನು ಊಹಿಸಿ ಬರೆಯುವುದಿಲ್ಲ ಎಂದು ಅವರು ಹಾಗೇ ಹಿಂದಿರುಗಿಸಿದರು.

ತಿಂಗಳ ನಂತರ ಸುಧೀರ್ ಮೆಸೇಜ್ ಮಾಡಿದ: ಅದೇ ಗೋಡೆಗೆ ಹೂವಿನ ಚಿತ್ರ ಏನಾದ್ರೂ ಇದೆಯಾ ಅಂಕಲ್? ಅವಳಿಗೂ ಒಪ್ಪಿಗೆಯೇ ಎಂದು ಕೇಳಲು ಆಗ ಮೊದಲ ಬಾರಿಗೆ ಮೇಘಾಗೆ ಫೋನ್ ಮಾಡಿದೆ. ಎರಡು ಸಲ.

ಈ ಕಸುಬಿಗೆ ಬರುವವರಿಗೆ ನನ್ನ ಬುದ್ಧಿಮಾತು ಇಷ್ಟೇ. ವಸ್ತು ತಂದವರೆಲ್ಲ ಅದರ ಒಡೆಯರಲ್ಲ. ಯಾರದೋ ಅವರನ್ನೇ ಕೇಳಿ. ಕೆಲಸಕ್ಕೆ ಮುಂಚೆ ಮಾಡಬೇಕಾದ ಫೋನನ್ನು ಕೆಲಸ ಕೆಟ್ಟ ಮೇಲೆ ಮಾಡಿದರೆ ಯಾರೂ ಎತ್ತುವುದಿಲ್ಲ.