ಮೋನಪ್ಪಣ್ಣನ ಬಸ್ಸಿಗೆ ಹತ್ತದ ಸುದ್ದಿ

ಸಾವಿನ ಸುದ್ದಿಯನ್ನು ಬಾಯಿಂದಲೇ ಮುಟ್ಟಿಸಬೇಕಾಗಿದ್ದ ಕಾಲ ಅದು. ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ದಿನಕ್ಕೆ ನಾಲ್ಕೈದು ಬಸ್ಸುಗಳಿದ್ದವು. ದೂರದ ನೆಂಟರಿಗೆ ತಿಳಿಸಬೇಕಾದರೆ ರಸ್ತೆಗೆ ಓಡಿ, ಬಸ್ಸಿಗೆ ಕೈ ಅಡ್ಡ ಹಿಡಿದು, ಕಂಡಕ್ಟರಿಗೆ ಹೇಳುತ್ತಿದ್ದೆವು. ಆತ ಆ ಊರಿನ ಅಂಗಡಿಯ ಎದುರು ಬಸ್ಸು ನಿಲ್ಲಿಸಿ, ಇಂಥವರ ಮನೆಗೆ ಹೀಗೆ ಎಂದು ಕೂಗಿ ಹೇಳುವನು. ಅಂಗಡಿಯಿಂದ ಯಾರಾದರೂ ಗದ್ದೆಯಂಚು ಹಿಡಿದು ಆ ಮನೆಗೆ ಹೊರಡುವರು. ಟಿಕೇಟಿಲ್ಲ, ಚೀಟಿಯಿಲ್ಲ. ಹೇಳಿ ಕಳಿಸಿದ ಮೇಲೆ ಹೆಣವನ್ನು ಅಂಗಳದಲ್ಲಿ ಇಟ್ಟುಕೊಂಡು ಧೈರ್ಯವಾಗಿ ಕಾಯಬಹುದಿತ್ತು. ನಮ್ಮ ಕಡೆಯವರು ಈ ವಿಷಯದಲ್ಲಿ ಹೆಚ್ಚಾಗಿ ನಂಬುತ್ತಿದ್ದದ್ದು ಕಂಡಕ್ಟರ್ ಮೋನಪ್ಪಣ್ಣನನ್ನು.

ಊರಿನವರು ಹೊರತಂದ ಸ್ಮರಣಸಂಚಿಕೆಯೊಂದರಲ್ಲಿ ಅವರ ಬಗ್ಗೆ ಒಂದು ಮಾತಿದೆ. ದೇಶದ ಮೊದಲ ಪ್ರಧಾನಿ ತೀರಿಕೊಂಡ ದಿನ ಮೋನಪ್ಪಣ್ಣ ಸುದ್ದಿ ಕೇಳಿ ಬಸ್ಸಿನಲ್ಲೇ ಕುಸಿದು ಕುಳಿತರಂತೆ. ಆ ದುಃಖದಲ್ಲಿ, ತಮಗೆ ಒಪ್ಪಿಸಿದ್ದ ಒಂದು ಸಾವಿನ ಸುದ್ದಿಯನ್ನು ಮುಟ್ಟಿಸಲು ಮರೆತರಂತೆ. ಮೊಮ್ಮಗಳು ಅದನ್ನು ಓದಿ ಹೇಳಿದಾಗ ನಾನು ‘ಸುಳ್ಳು’ ಎಂದೆ.

“ಪ್ರಿಂಟ್ ಆಗಿ ಬಂದಿದೆಯಲ್ಲ ಅಜ್ಜಿ! ನಿಮಗೆ ಎಲ್ಲದಕ್ಕೂ ತಕರಾರು” ಎಂದಳು.

ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವಳು. ಆಮೇಲೆ ಓದಿದ್ದೆಲ್ಲ ನನ್ನಷ್ಟಕ್ಕೆ. ಅಚ್ಚಾದ ಮಾತನ್ನು ಸಂಶಯದಿಂದ ನೋಡುವ ಅಭ್ಯಾಸ ಮಾತ್ರ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಆ ದಿನ ಮೋನಪ್ಪಣ್ಣನ ಬಸ್ಸಿಗೆ ಕೈ ಅಡ್ಡ ಹಿಡಿದವಳು ನಾನು.

ಮೇ ತಿಂಗಳ ಕೊನೆಯ ವಾರ. ನನಗೆ ಹನ್ನೊಂದು ವರ್ಷ. ಮಳೆ ಹಿಡಿಯುವ ಮೊದಲು ಹಲಸಿನ ಹಪ್ಪಳ ಒಣಗಿಸಿಕೊಳ್ಳುವ ಅವಸರದಲ್ಲಿ ಎಲ್ಲ ಅಂಗಳಗಳಲ್ಲೂ ಚಾಪೆಗಳು ಹರಡಿದ್ದವು. ಬೇಯಿಸಿದ ಹಲಸಿನ ಸೊಳೆ, ಮೆಣಸು, ಕೊತ್ತಂಬರಿ ಕೂಡಿದ ವಾಸನೆ ಬಿಸಿಲಿಗೆ ಇನ್ನಷ್ಟು ಏರುತ್ತಿತ್ತು. ನೆರೆಮನೆಯ ಅಕ್ಕು ಅಜ್ಜಿಯ ಹಪ್ಪಳಕ್ಕೆ ಕಾಗೆ ಕಾಯುವ ಕೆಲಸ ನನ್ನದು. ಕಾಯುತ್ತಾ ಇಬ್ಬರೂ ಕಲ್ಲಾಟ ಆಡುತ್ತಿದ್ದೆವು. ಎಪ್ಪತ್ತು ದಾಟಿದ ಆ ಕೈ ಐದು ಕಲ್ಲುಗಳನ್ನು ಒಮ್ಮೆಗೇ ಎಸೆದು ಹಿಡಿಯುತ್ತಿತ್ತು. ನಾನು ಹಸಿ ಹಪ್ಪಳದ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡರೆ, “ಕಾಗೆಯನ್ನು ನೀನು ಓಡಿಸ್ತೀಯ, ನಿನ್ನನ್ನು ಓಡಿಸ್ಲಿಕ್ಕೆ ಯಾರು ಮಾರಾಯ್ತಿ?” ಎಂದು ನಗುವರು.

ಆ ಬುಧವಾರ ಮಧ್ಯಾಹ್ನ ಗಂಜಿ ಉಂಡು ಜಗಲಿಯಲ್ಲಿ ಮಲಗಿದ ಅಜ್ಜಿ ಏಳಲಿಲ್ಲ. ಎಬ್ಬಿಸಲು ಹೋದ ಅಮ್ಮ ಕೂಗಿಕೊಂಡಳು. ಅಪ್ಪ ಮತ್ತು ನೆರೆಯ ಗಂಡಸರು ಚಿತೆಗೆ ಮಾವಿನ ಮರ ಕಡಿಯಲು ಹೊರಟರು. ಅಜ್ಜಿಗೆ ಇದ್ದವಳು ಒಬ್ಬಳೇ ಮಗಳು, ಬಂಟ್ವಾಳದ ಬಸ್ಸಿನ ದಾರಿಯಲ್ಲೇ ಇರುವ ಪುಂಜಾಲಕಟ್ಟೆಗೆ ಮದುವೆ ಮಾಡಿಕೊಟ್ಟಿದ್ದ ಗಿರಿಜಕ್ಕ. ಮಗಳು ಬಂದು ಬಾಯಿಗೆ ನೀರು ಬಿಡದೆ ಹೆಣ ಎತ್ತುವಂತಿರಲಿಲ್ಲ.

“ಓಡು ವಾರಿಜಾ. ಎರಡೂವರೆಯ ಬಸ್ಸು ಬರ್ತದೆ. ಮೋನಪ್ಪಣ್ಣನ ಹತ್ರ ಹೇಳು, ಅಕ್ಕು ಅಜ್ಜಿ ಹೋದರು, ಗಿರಿಜ ಕೂಡಲೇ ಬರ್ಬೇಕಂತೆ ಅಂತ” ಎಂದಳು ಅಮ್ಮ.

ದಾರಿಯುದ್ದಕ್ಕೂ ಅದೇ ಮಾತನ್ನು ಹೇಳಿಕೊಳ್ಳುತ್ತಾ ಓಡಿದೆ. ರಸ್ತೆಬದಿಯ ಹೊಟೇಲಿನ ಒಳಗೆ ರೇಡಿಯೋದ ಸುತ್ತ ಜನ ಮುತ್ತಿಕೊಂಡಿದ್ದರು. ಪ್ರಧಾನಿ ಇನ್ನಿಲ್ಲ ಎಂದು ಅದು ಹೇಳುತ್ತಿತ್ತು. ಹೊಟೇಲಿನ ಯಜಮಾನರು ಹೆಗಲ ಬೈರಾಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ದುಃಖ ನಿಜವಾಗಿತ್ತು; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ರೇಡಿಯೋ ಬಿಟ್ಟು ಯಾರೂ ಹೊರಬರಲಿಲ್ಲ. ನಾನೊಬ್ಬಳೇ ರಸ್ತೆಗೆ ಹೋಗಿ ಕೈ ಅಡ್ಡ ಹಿಡಿದೆ.

ಮೋನಪ್ಪಣ್ಣ ಬಾಗಿಲಿನಿಂದ ಬಗ್ಗಿದರು. ಮಕ್ಕಳು ಹಾಗೆ ಕೈ ಅಡ್ಡ ಹಿಡಿದರೆ ಅದರ ಅರ್ಥ ಅವರಿಗೆ ಗೊತ್ತಿತ್ತು. “ಯಾರು ಹೋದದ್ದು ಮಗಾ?”

“ಪ್ರಧಾನಮಂತ್ರಿ!” ಎಂದೆ.

“ಯಾವುದರ ಪ್ರಧಾನಿ? ಪಂಚಾಯತಿನದ್ದಾ?” ಎಂದು ಒಳಗಿನಿಂದ ಒಬ್ಬರು.

“ದೆಹಲಿಯದ್ದು! ಈಗ ರೇಡಿಯೋದಲ್ಲಿ ಬಂತು.”

ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಮೀನಿನ ಬುಟ್ಟಿಯ ಹೆಂಗಸೊಬ್ಬಳು, “ಅಯ್ಯೋ, ಹಾಗಾದ್ರೆ ನಾಳೆ ಮಾರ್ಕೆಟ್ ಉಂಟಾ ಇಲ್ಲವಾ?” ಎಂದಳು. “ನಿನ್ನ ಮಾರ್ಕೆಟಿಗೆ ಬೆಂಕಿ ಬೀಳ್ಲಿ, ದೇಶವೇ ಮುಳುಗಿತು ಮಾರಾಯ್ತಿ!” ಎಂದು ಮತ್ತೊಬ್ಬರು ರೇಗಿದರು. ಹೇಗಾಯಿತು, ಯಾವಾಗ, ಮುಂದೆ ಯಾರು ಎಂದು ದೊಡ್ಡವರೆಲ್ಲ ನನ್ನನ್ನೇ ಕೇಳುತ್ತಿದ್ದರು. ಅದುವರೆಗೆ ಯಾವ ದೊಡ್ಡವರೂ ನನ್ನ ಉತ್ತರಕ್ಕಾಗಿ ಕಾದದ್ದಿರಲಿಲ್ಲ.

ಮೋನಪ್ಪಣ್ಣ ಕುಸಿಯಲಿಲ್ಲ. ಹಣೆಗೆ ಕೈ ಒತ್ತಿ ಒಂದು ಕ್ಷಣ ನಿಂತರು. ಆಮೇಲೆ ಎಂದಿನಂತೆ ಕೇಳಿದರು: “ಬೇರೆ ಎಂತ ಉಂಟಾ ಮಗಾ? ಯಾರಿಗಾದ್ರೂ ಹೇಳ್ಲಿಕ್ಕೆ?”

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಸೀಟಿ ಊದಿದರು. ಬಸ್ಸು ಹೋಯಿತು.

ಮರೆತುಬಿಟ್ಟೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಅಜ್ಜಿಯ ಹೆಸರು ನಾಲಿಗೆಯ ಮೇಲೆಯೇ ಇತ್ತು. ಅಷ್ಟು ದೊಡ್ಡ ಸಾವನ್ನು ಹೇಳಿದ ಬಾಯಲ್ಲಿ ನೆರೆಮನೆಯ ಮುದುಕಿಯ ಸಾವನ್ನು ಹೇಳಲು ನಾಚಿಕೆಯಾಯಿತು. ಹೇಳಿದ್ದರೆ ನಾನು ಮತ್ತೆ ಬರಿಯ ಹುಡುಗಿಯಾಗಿಬಿಡುತ್ತಿದ್ದೆ.

ಮನೆಯಲ್ಲಿ ಅಮ್ಮ ಕೇಳಿದಳು, “ಹೇಳಿದೆಯಾ?”

“ಹೇಳಿದೆ.”

ಮೂರೂವರೆಗೆ ಮತ್ತೆ ಕೇಳಿದಳು. “ಗಿರಿಜ ಇನ್ನೂ ಬರ್ಲಿಲ್ಲ. ಸರಿಯಾಗಿ ಹೇಳಿದ್ದೀಯಲ್ಲ? ನಾಲ್ಕರ ಬಸ್ಸಿಗೆ ಇನ್ನೊಮ್ಮೆ ಹೇಳಿ ಕಳಿಸುವಾ?”

“ಬೇಡಮ್ಮ. ಹೇಳಿದ್ದೇನೆ.”

ಮೊದಲಿನದನ್ನು ಮಗುತನವೆಂದು ಯಾರಾದರೂ ಕ್ಷಮಿಸಿಯಾರು. ಈ ಎರಡನೆಯದಕ್ಕೆ ಅಂಥ ಹೆಸರಿಲ್ಲ. ಆಗ ನಿಜ ಹೇಳಿದ್ದರೆ ಗಿರಿಜಕ್ಕ ಹೊತ್ತು ಮುಳುಗುವುದರೊಳಗೆ ತಲುಪುತ್ತಿದ್ದರು. ಬೈಗುಳದ ಹೆದರಿಕೆಗೆ ಸುಮ್ಮನಿದ್ದೆ. ಸಂಜೆ ಮೋಡ ಕವಿಯಿತು. ಇನ್ನು ಕಾಯುವಂತಿಲ್ಲವೆಂದರು ಹಿರಿಯರು. ಮಗಳ ಬದಲು ಅಮ್ಮ ಅಜ್ಜಿಯ ಬಾಯಿಗೆ ನೀರು ಬಿಟ್ಟಳು.

ಗಿರಿಜಕ್ಕ ಬಂದದ್ದು ಮರುದಿನ. ಮಳೆಯ ಮೊದಲು ಅಮ್ಮನನ್ನು ನೋಡಿಹೋಗುವ ಎಂದು ತಾವಾಗಿಯೇ ಹೊರಟವರು, “ಅಮ್ಮಾ, ಬಾಗಿಲು ಯಾಕೆ ಹಾಕಿದ್ದು?” ಎನ್ನುತ್ತಾ ಅಂಗಳಕ್ಕೆ ಕಾಲಿಟ್ಟರು. ವಿಷಯ ತಿಳಿದ ಮೇಲೆ ಅಳಲಿಲ್ಲ. ನೇರವಾಗಿ ರಸ್ತೆಗೆ ಹೋಗಿ ಎರಡೂವರೆಯ ಬಸ್ಸನ್ನು ನಿಲ್ಲಿಸಿದರು. ಹಿಂದೆಯೇ ಅಮ್ಮ, ಅಮ್ಮನ ಹಿಂದೆ ನಾನು.

“ನಿಮಗೆ ಹೇಳಿ ಕಳಿಸಿದ್ದಲ್ಲವಾ ಮೋನಪ್ಪಣ್ಣ? ನನ್ನ ಅಮ್ಮನ ಮುಖ ನನಗೆ ಇನ್ನು ಎಲ್ಲಿ ಸಿಗ್ತದೆ?”

“ನನಗಾ? ನನಗೆ ಯಾರೂ...” ಎಂದವರು ಅಮ್ಮನ ಸೆರಗಿನ ಹಿಂದೆ ನನ್ನನ್ನು ಕಂಡರು. ಸ್ವಲ್ಪ ಹೊತ್ತು ನೋಡಿದರು. “ಹೇಳಿರಬಹುದು ತಂಗಿ. ಆ ಗಲಾಟೆಯಲ್ಲಿ ನಾನು ಮರೆತಿರಬೇಕು. ತಪ್ಪು ನನ್ನದೇ” ಎಂದರು.

ಆಮೇಲೆ ನಮ್ಮ ಕಡೆಯವರು ಸಾವಿನ ಸುದ್ದಿಯನ್ನು ಅವರ ಬಸ್ಸಿಗೆ ಕೊಡಲಿಲ್ಲ. ವರ್ಷಗಳು ಕಳೆದು ಸಿಟ್ಟು ಆರಿದಾಗ ಊರು ಅವರ ಮರೆವಿಗೆ ದೇಶಭಕ್ತಿಯ ಕಾರಣವೊಂದನ್ನು ಹುಡುಕಿಕೊಟ್ಟಿತು. ಸ್ಮರಣಸಂಚಿಕೆಯಲ್ಲಿರುವುದು ಅದೇ.

ಎರಡು ವರ್ಷದ ಹಿಂದೆ ಮೂಡಬಿದಿರೆಗೆ ಹೋದೆ. ಗಿರಿಜಕ್ಕ ಅಲ್ಲಿ ಮಗನ ಮನೆಯಲ್ಲಿದ್ದರು. ಎಲ್ಲವನ್ನೂ ಹೇಳಿದೆ.

“ಎಂತದೆಲ್ಲ ಹೇಳ್ತೀ ವಾರಿಜಾ! ಆ ಮನುಷ್ಯ ಆಮೇಲೆ ಪುಂಜಾಲಕಟ್ಟೆಗೆ ನಮ್ಮ ಮನೆಗೆ ಬಂದು ನನ್ನ ಕಾಲು ಹಿಡಿದಿದ್ದಾರೆ. ತಪ್ಪು ಮಾಡದವರು ಕಾಲು ಹಿಡೀತಾರಾ?”

“ಅವರು ಮಾಡಿರ್ಲಿಲ್ಲ ಅಕ್ಕ.”

“ನಾನು ಒಂದು ಲೋಟ ನೀರು ಸಹ ಕೊಡ್ಲಿಲ್ಲ” ಎಂದರು. ನಾನು ಹೊರಡಲು ಎದ್ದಾಗ ಕೈ ಹಿಡಿದು ಹೇಳಿದರು: “ನಾನಿರುವ ತನಕ ಇದನ್ನು ಯಾರಿಗೂ ಹೇಳ್ಬೇಡ. ಅವರ ಮಕ್ಕಳಿಗೆ ಗೊತ್ತಾದ್ರೆ ನಾನು ಮುಖ ಎಲ್ಲಿಡ್ಲಿ?”

ಕಳೆದ ಮಳೆಗಾಲ ಗಿರಿಜಕ್ಕ ತೀರಿಕೊಂಡರು. ಸುದ್ದಿ ಮೊಮ್ಮಗಳ ಮೊಬೈಲಿಗೆ ಭಾವಚಿತ್ರದ ಸಮೇತ ಬಂತು. ಕೆಳಗೆ ಕೈ ಮುಗಿದ ಚಿಹ್ನೆಗಳ ಸಾಲು. ಯಾರೂ ಓಡಬೇಕಾಗಿರಲಿಲ್ಲ, ಯಾರನ್ನೂ ನಂಬಬೇಕಾಗಿರಲಿಲ್ಲ. ಹನ್ನೊಂದರ ಹುಡುಗಿಯ ಒಂದು ಮಾತನ್ನು ನಂಬಿ ಇಡೀ ಅಂಗಳ ಸಂಜೆಯವರೆಗೆ ಕಾಯುತ್ತಿದ್ದ ಕಾಲ ಮುಗಿಯಿತು. ಅದನ್ನು ಕಳೆದುಕೊಂಡೆವೆಂದು ಕೊರಗುವ ಹಕ್ಕು ಬೇರೆಯವರಿಗೆ ಇರಬಹುದು, ನನಗಿಲ್ಲ.

ಬಂಟ್ವಾಳದ ಹತ್ತಿರದ ಬಿ.ಸಿ.ರೋಡಿನಲ್ಲಿದ್ದ ಮೋನಪ್ಪಣ್ಣನವರ ಮನೆಯವರು ಆ ಊರು ಬಿಟ್ಟು ಎಲ್ಲಿಗೆ ಹೋದರೆಂದು ವಿಚಾರಿಸಿದೆ; ತಿಳಿದವರು ಸಿಗಲಿಲ್ಲ. ಅವರ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದುವುದಾದರೆ ಇಷ್ಟು ತಿಳಿಯಲಿ: ಅವರು ಏನನ್ನೂ ಮರೆಯಲಿಲ್ಲ. ಅವರು ಕೇಳಿದರು. ನಾನು ಹೇಳಲಿಲ್ಲ.