ಬಫಾತಿಗೆ ಸುರಿದ ಶಾಬ್ಲಿ

ನನ್ನ ಗಂಡನ ಅಣ್ಣನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮನ್ನು ಮಸ್ಕತ್ತಿಗೆ ಕರೆಸಿಕೊಂಡವರು ಈ ಭಾವನೇ. ತಮ್ಮ ಕಫೀಲ್‌ಗೆ, ಅಂದರೆ ವೀಸಾ ಕೊಡಿಸುವ ಅರಬ್ಬಿ ಧಣಿಗೆ, ದುಂಬಾಲು ಬಿದ್ದು ತಮ್ಮನಿಗೆ ವೀಸಾ ಮಾಡಿಸಿದ್ದರು, ನಿಜ. ಆದರೆ ಆ ಮಾತನ್ನು ಪ್ರತಿ ಊಟದಲ್ಲೂ ಉಪ್ಪಿನಕಾಯಿಯ ಹಾಗೆ ಎಲ್ಲರಿಗೂ ಬಡಿಸುತ್ತಿದ್ದರು.

ಮಂಗಳೂರು ಕಡೆಯ ನಮ್ಮ ಕ್ಯಾಥೊಲಿಕ್ ಮನೆಗಳಲ್ಲಿ ಏನೇ ಸಮಾರಂಭವಿರಲಿ, ಒಬ್ಬರು ವೈನ್ ಗ್ಲಾಸ್ ಹಿಡಿದು ಹರಸುವ ಮಾತಾಡಬೇಕು, ಆಮೇಲೆ ಎಲ್ಲರೂ ಗ್ಲಾಸ್ ಎತ್ತಬೇಕು. ಅದಕ್ಕೆ ಟೋಸ್ಟ್ ಎನ್ನುತ್ತೇವೆ. ನಮ್ಮ ಕುಟುಂಬದ ಟೋಸ್ಟ್ ಯಾವಾಗಲೂ ಭಾವನದೇ. ನನ್ನ ಗಂಡ ಗ್ಲಾಸ್ ತೊಳೆದು ಹಂಚುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ಅಲ್ ಖುವೈರ್‌ನ ಆಫೀಸಿನಲ್ಲಿ ಇವರ ಮೇಲಧಿಕಾರಿಯಾಗಿದ್ದವನು ಒಬ್ಬ ಫ್ರೆಂಚ್ ಎಂಜಿನಿಯರ್. ಒಂದು ದಿನ ಸೈಟಿಗೆ ಹೋಗುವಾಗ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ, ಚಿಪ್ಪುಗಳು ಹುದುಗಿದ್ದ ಸುಣ್ಣದ ಕಲ್ಲೊಂದನ್ನು ಹೆಕ್ಕಿ, ನಮ್ಮೂರಿನ ನೆಲವೂ ಹೀಗೇ ಎಂದು ಇವರ ಕೈಗಿಟ್ಟನಂತೆ. ಅವನ ಊರು ಶಾಬ್ಲಿ. ಯಾವುದೋ ಕಾಲದಲ್ಲಿ ಅಲ್ಲಿ ಸಮುದ್ರವಿತ್ತು, ಈಗ ಆ ಚಿಪ್ಪಿನ ನೆಲದಲ್ಲಿ ದ್ರಾಕ್ಷಿ. ಚಿಗುರು ಹಿಮಕ್ಕೆ ಸುಟ್ಟುಹೋಗದಿರಲೆಂದು ಬಳ್ಳಿಗಳ ಸಾಲಿನ ನಡುವೆ ಬೆಂಕಿ ಇಡುತ್ತಾರೆ. ಅಲ್ಲಿಯ ಬಿಳಿ ವೈನಿಗೂ ಊರಿನ ಹೆಸರೇ. ಅದರಲ್ಲಿ ಸಿಹಿ ಇಲ್ಲವಂತೆ. ಹಲ್ಲು ಜುಮ್ಮೆನ್ನುವ ಹುಳಿ, ಮಳೆ ಬಿದ್ದ ಕಲ್ಲಿನ ವಾಸನೆ. ಎಸಿ ಕೆಟ್ಟ ಕೋಣೆಯಲ್ಲಿ ಬನಿಯನ್ ತೊಟ್ಟು ಕುಳಿತು ಫ್ರಾನ್ಸಿನ ಹಿಮದ ಕತೆ ಹೇಳುತ್ತಿದ್ದ ಇವರ ಮುಖ ನೋಡಬೇಕಿತ್ತು.

ಊರಿಗೆ ಮರಳುವಾಗ ಆ ಫ್ರೆಂಚ್‌ನವನು ಇವರಿಗೆ ಒಂದು ಬಾಟಲಿ ಶಾಬ್ಲಿ ಕೊಟ್ಟುಹೋದ. ನಮ್ಮ ಮಗಳ ಜ್ಞಾನಸ್ನಾನ ಹತ್ತಿರದಲ್ಲಿತ್ತು.

“ಈ ಸಲ ಟೋಸ್ಟ್ ನಾನೇ ಹೇಳ್ತೇನೆ. ಇದರ ಮೊದಲ ಗುಟುಕೂ ಅವತ್ತೇ,” ಎಂದರು.

ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರು. ಕನ್ನಡಿಯ ಎದುರು ನಿಂತು ಮಾತು ಬಾಯಿಪಾಠ ಮಾಡಿದರು. ನಮ್ಮ ಮದುವೆಗೂ ಈ ಮನುಷ್ಯ ಇಷ್ಟು ತಯಾರಾಗಿರಲಿಲ್ಲ.

ಆ ದಿನ ಮೇಜಿನ ಮೇಲೆ ಆ ಕಲ್ಲನ್ನೂ ತಂದಿಟ್ಟು, ಹಿರಿಯರಿಗೆಲ್ಲ ಸ್ವಲ್ಪ ಸ್ವಲ್ಪ ಸುರಿದು, “ಈ ಕಲ್ಲು ಉಂಟಲ್ಲ...” ಎಂದು ಶುರುಮಾಡಿದರು. ಟೋಸ್ಟ್ ಮುಗಿಯುವ ಮೊದಲು ಯಾರೂ ಗ್ಲಾಸಿಗೆ ತುಟಿ ಹಚ್ಚುವುದಿಲ್ಲ. ಭಾವ ಹಚ್ಚಿದರು. ಮುಖ ಕಿವುಚಿ ವಾಶ್‌ಬೇಸಿನ್ನಿಗೆ ಉಗುಳಿದರು.

“ಇದೆಂತ ವೈನಾ ಮಾರಾಯ? ವಿನೆಗರ್. ಕೆಟ್ಟು ಹೋದದ್ದನ್ನು ಆ ಬಿಳಿಯ ನಿನ್ನ ತಲೆಗೆ ಕಟ್ಟಿದ್ದಾನೆ.”

ಒಣದ್ರಾಕ್ಷಿಗೆ ಸಕ್ಕರೆ ಸುರಿದು ಭರಣಿಯಲ್ಲಿ ಹುದುಗಿಸಿ, ತುಟಿ ಅಂಟುವಷ್ಟು ಸಿಹಿ ಮಾಡುವುದನ್ನೇ ವೈನ್ ಎಂದುಕೊಂಡಿದ್ದ ಜನ ನಾವು. ಉಳಿದವರೂ ರುಚಿ ನೋಡಿ ಮುಖ ಹಿಂಡಿದರು. ಒಬ್ಬಾಕೆ ಸಕ್ಕರೆ ಕೇಳಿದಳು. ಎಲ್ಲರೂ ನಕ್ಕರು. ಇವರ ಟೋಸ್ಟ್ ಅಲ್ಲಿಗೇ ನಿಂತಿತು.

ಭಾವ ಬಾಟಲಿಯನ್ನೂ ಗ್ಲಾಸುಗಳನ್ನೂ ಟ್ರೇಯಲ್ಲಿಟ್ಟುಕೊಂಡು ಸೀದಾ ಅಡುಗೆಮನೆಗೆ ಬಂದರು. ನಾನು ಹಂದಿಮಾಂಸದ ಬಫಾತ್ ತಿರುವುತ್ತಿದ್ದೆ. ಅದಕ್ಕೆ ಹುಳಿಗೆಂದು ವಿನೆಗರ್ ಹಾಕುವುದು ನಮ್ಮ ಪದ್ಧತಿ.

“ಭಾವ, ಅವರು ಇನ್ನೂ ಕುಡಿದೇ ಇಲ್ಲ,” ಎಂದೆ.

“ಅವನ ಹೊಟ್ಟೆ ಉಳಿಯಿತು ಅಂತ ತಿಳ್ಕೊ,” ಎಂದು ಎಲ್ಲವನ್ನೂ ಪಾತ್ರೆಗೆ ಸುರಿದರು, ಇವರ ಗ್ಲಾಸಿನದ್ದನ್ನೂ.

ಆಮೇಲೆ ಸಿಹಿ ವೈನ್ ತರಿಸಿ ಟೋಸ್ಟನ್ನೂ ಅವರೇ ಹೇಳಿದರು. ಮಗುವಿನ ಅಪ್ಪನಾದ ಇವರು ಟ್ರೇ ಹಿಡಿದು ಗ್ಲಾಸ್ ಹಂಚಿದರು. ಬಫಾತನ್ನು ಬಂದವರೆಲ್ಲ ಹೊಗಳಿ ಹೊಗಳಿ ತಿಂದರು. ಇವರು ಮುಟ್ಟಲಿಲ್ಲ.

ತೊಂಬತ್ತರ ದಶಕದ ಮಧ್ಯದಲ್ಲಿ ಭಾವ ಮ್ಯಾನೇಜರ್ ಆದರು. ಬಿಳಿಯರ ಪಾರ್ಟಿಗಳಿಗೆ ಹೋಗಿ ಬಂದು ಮಾಡತೊಡಗಿದರು. ತಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಲಿಕರ್ ಪರ್ಮಿಟ್‌ನಲ್ಲಿ ತರಿಸಿದ್ದು ಏನು ಗೊತ್ತೇ? ಶಾಬ್ಲಿ. ಕೈಯಲ್ಲಿ ಗ್ಲಾಸ್ ಹಿಡಿದು ಸಮುದ್ರ, ಚಿಪ್ಪು, ಹಿಮ, ಬೆಂಕಿ ಎಲ್ಲ ವಿವರಿಸಿದರು. ಅಂದಿನ ಅವಮಾನ ಆರಿದ ಮೇಲೆ ಇವರು ಅಣ್ಣನಿಗೆ ಬಿಡಿಸಿ ಹೇಳಿದ್ದ ಮಾತುಗಳೇ ಅವು. ನಾಚಿಕೆ ಎನ್ನುವುದು ಒಂದಿಷ್ಟಾದರೂ ಬೇಡವೇ?

ವೈನ್ ಸುರಿಯುತ್ತಾ ಬಂದ ವೇಟರ್ ಇವರ ಹತ್ತಿರ ಬಂದಾಗ ಭಾವ ಕೈ ಅಡ್ಡ ಹಿಡಿದರು.

“ಇವನಿಗೆ ಬೇಡ. ಇದೆಲ್ಲ ನಾಲಿಗೆ ಪಳಗಿದವರಿಗೆ. ಇವನಿಗೆ ಊರಿನ ಸಿಹಿ ಕೊಡಿ.”

ಅವತ್ತು ನಕ್ಕವರೇ ಮತ್ತೆ ನಕ್ಕರು. ನಾನು ಮೇಜಿನ ಮೇಲೆ ನನ್ನ ಗ್ಲಾಸನ್ನು ಇವರ ಕಡೆ ಸರಿಸಿದೆ. ಇವರು ಮೆಲ್ಲಗೆ ವಾಪಸು ಸರಿಸಿದರು.

“ಬೇಡ ಮಾರಾಯ್ತಿ, ಅಣ್ಣ ನೋಡ್ತಾ ಇದ್ದಾರೆ.”

ತಲೆ ನರೆತ ಗಂಡಸು ಆಡುವ ಮಾತೇ ಇದು? ಸಿಟ್ಟಿನಲ್ಲಿ ನಾನೇ ಒಂದೇ ಗುಟುಕಿಗೆ ಕುಡಿದು ಗ್ಲಾಸ್ ಕುಕ್ಕಿದೆ.

ಮನೆಗೆ ಮರಳುವಾಗ ಕಾರಿನಲ್ಲಿ ಇವರು ಕೇಳಿದರು, “ಹೇಗಿತ್ತು?”

“ವಿನೆಗರ್.”



“ಸುಳ್ಳು ಹೇಳ್ಬೇಡ. ಕಲ್ಲಿನ ವಾಸನೆ ಬಂತಾ?”

“ಬಂತು,” ಎಂದೆ. ಕಣ್ಣು ಮುಚ್ಚುವವರೆಗೂ ಇವರಿಗೆ ಸಿಕ್ಕಿದ ಶಾಬ್ಲಿ ಅಷ್ಟೇ.